ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದು ಯಾಕೆ

ಉದ್ದನೆಯ ಇಳಿಜಾರಿನ ಕೊನೆಯ ತಿರುವುಗಳಲ್ಲಿ ಕೆಲವೊಮ್ಮೆ ಕಾರಿನೊಳಗೆ ಒಂದು ಘಾಟು ಬರುತ್ತದೆ. ವೈರು ಸುಟ್ಟ ವಾಸನೆಯಲ್ಲ, ಟೈರಿನದ್ದೂ ಅಲ್ಲ. ಅಂಟೂ ಲೋಹವೂ ಒಟ್ಟಿಗೆ ಕಾದಂಥ, ಮೂಗು ಚುರುಗುಟ್ಟಿಸುವ ವಾಸನೆ. ಮುಂದೆ ಹೋಗುತ್ತಿರುವ ಲಾರಿಯದ್ದಿರಬೇಕು ಎಂದುಕೊಂಡು ಕಿಟಕಿ ಏರಿಸಿ ಮುಂದುವರಿಯುವವರೇ ಹೆಚ್ಚು. ಅಷ್ಟರಲ್ಲಿ ತಮ್ಮದೇ ಕಾರಿನ ಬ್ರೇಕ್ ಪ್ಯಾಡುಗಳೊಳಗಿನ ರಾಳ ಬೇಯತೊಡಗಿರುತ್ತದೆ.

ಬ್ರೇಕ್ ಫೇಡ್ ಎಂದರೆ ಬ್ರೇಕಿನ ಯಾವ ಭಾಗವೂ ಮುರಿಯದೆ, ಎಲ್ಲೂ ಆಯಿಲ್ ಸೋರದೆ, ಬರೀ ಶಾಖದಿಂದಲೇ ಹಿಡಿತ ಕುಗ್ಗುವುದು. ಅರ್ಧ ಗಂಟೆ ನಿಲ್ಲಿಸಿ ತಣ್ಣಗಾಗಲು ಬಿಟ್ಟರೆ ಅದೇ ಬ್ರೇಕು ಮತ್ತೆ ಮೊದಲಿನಂತೆ ಹಿಡಿಯುತ್ತದೆ. ಮರುದಿನ ಗ್ಯಾರೇಜಿಗೆ ಒಯ್ದರೆ ‘ಎಲ್ಲ ಸರಿ ಇದೆಯಲ್ಲ’ ಎನ್ನುತ್ತಾರೆ, ಅವರು ಹೇಳುವುದೂ ಸುಳ್ಳಲ್ಲ. ಈ ಕಾಯಿಲೆ ಬಿಸಿಯಲ್ಲಿ ಮಾತ್ರ ಕಾಣಿಸಿಕೊಳ್ಳುವಂಥದ್ದು. ಹಾಗಾಗಿ ಅದನ್ನು ಅರ್ಥ ಮಾಡಿಕೊಳ್ಳಬೇಕಾದವರು ಮೆಕ್ಯಾನಿಕ್ಕಿಗಿಂತ ಮೊದಲು ಸ್ಟಿಯರಿಂಗ್ ಹಿಡಿದವರು.

ಶಾಖದ ಲೆಕ್ಕ

1500 ಕೆ.ಜಿ. ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 580 ಕಿಲೋಜೂಲ್. ಗಂಟೆಗೆ 50 ಕಿ.ಮೀ.ಗೆ ಇಳಿದರೆ ಅದು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ: 145 ಕಿಲೋಜೂಲ್. ಗಟ್ಟಿಯಾಗಿ ಬ್ರೇಕ್ ಹಾಕಿ ನಿಲ್ಲಿಸಿದರೆ ಈ ಶಕ್ತಿಯ ಬಹುಪಾಲು ಬ್ರೇಕಿನಲ್ಲೇ ಶಾಖವಾಗುತ್ತದೆ. ಆಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಸುಮಾರು ಶೇ 70ರಷ್ಟು ಕೆಲಸ ಮುಂದಿನ ಚಕ್ರಗಳ ಪಾಲಿಗೆ ಬರುತ್ತದೆ. ಒಂದೊಂದು ಮುಂದಿನ ಡಿಸ್ಕ್ (ಚಕ್ರದೊಡನೆ ತಿರುಗುವ, ಪ್ಯಾಡುಗಳು ಒತ್ತಿ ಹಿಡಿಯುವ ಬಿಲ್ಲೆ) 6 ಕೆ.ಜಿ. ಬೀಡುಕಬ್ಬಿಣ ಎಂದಿಟ್ಟುಕೊಳ್ಳಿ. 100ರಿಂದ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಅದರ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ಸಿನಷ್ಟು ಏರುತ್ತದೆ. ಇದು ಯಾವ ಬ್ರೇಕಿಗೂ ಭಾರವಲ್ಲ. ಮತ್ತೆ ಹೊರಟಾಗ ಗಾಳಿ ಬೀಸಿ ಕೆಲವೇ ನಿಮಿಷದಲ್ಲಿ ಡಿಸ್ಕ್ ತಣ್ಣಗಾಗುತ್ತದೆ.

ಇಳಿಜಾರಿನ ಲೆಕ್ಕ ಬೇರೆ. ಅದೇ ಕಾರು 10 ಕಿ.ಮೀ. ರಸ್ತೆಯಲ್ಲಿ 500 ಮೀಟರ್ ಕೆಳಗಿಳಿಯುತ್ತದೆ ಎನ್ನಿ. ಎತ್ತರದಿಂದ ಬಿಡುಗಡೆಯಾಗುವ ಶಕ್ತಿ 7.3 ಮೆಗಾಜೂಲಿಗೂ ಹೆಚ್ಚು, ಅಂದರೆ 100ರ ವೇಗದಿಂದ ಹನ್ನೆರಡು ಸಲ ನಿಲ್ಲಿಸಿದ್ದಕ್ಕೂ ಮಿಗಿಲು. ಟೈರಿನ ಉರುಳುವಿಕೆ, ಗಾಳಿಯ ತಡೆ ಎರಡೂ ಸೇರಿ ಇದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ನುಂಗುತ್ತವೆ. ಉಳಿದದ್ದನ್ನೆಲ್ಲ ಬ್ರೇಕಿಗೇ ವಹಿಸಿದರೆ, ಡಿಸ್ಕಿನಿಂದ ಶಾಖ ಒಂದಿಷ್ಟೂ ಹೊರಹೋಗದಿದ್ದಲ್ಲಿ, ಮುಂದಿನ ಡಿಸ್ಕುಗಳ ಉಷ್ಣತೆ 600 ಡಿಗ್ರಿ ಏರಿಬಿಡುತ್ತದೆ. ಸಾಮಾನ್ಯ ರಸ್ತೆ ಕಾರಿನ ಪ್ಯಾಡುಗಳು 300ರಿಂದ 400 ಡಿಗ್ರಿಯ ಆಸುಪಾಸಿನಲ್ಲೇ ಸೋಲತೊಡಗುತ್ತವೆ. ವಾಸ್ತವದಲ್ಲಿ ಡಿಸ್ಕು ಪ್ರತಿ ಕ್ಷಣವೂ ಗಾಳಿಗೆ ಶಾಖ ಬಿಡುತ್ತಿರುತ್ತದೆ, ಬಹುತೇಕ ಎಲ್ಲರೂ ಕ್ಷೇಮವಾಗಿ ಕೆಳಗಿಳಿಯುವುದು ಆ ಕಾರಣಕ್ಕೇ. ಆದರೆ ಡಿಸ್ಕು ಶಾಖ ಬಿಡುವ ವೇಗಕ್ಕಿಂತ ನಾವು ಶಾಖ ತುಂಬುವ ವೇಗ ಹೆಚ್ಚಾದರೆ ಉಳಿಕೆ ಏರುತ್ತಲೇ ಹೋಗುತ್ತದೆ.

ಶಾಖದ ಒಟ್ಟು ಮೊತ್ತವನ್ನು ಬೆಟ್ಟದ ಎತ್ತರವೂ ಕಾರಿನ ತೂಕವೂ ಮೊದಲೇ ನಿಗದಿ ಮಾಡಿಬಿಟ್ಟಿರುತ್ತವೆ. ಅದನ್ನು ಚಾಲಕರು ಕಡಿಮೆ ಮಾಡಲಾರರು. ಅದು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಹೋಗಬೇಕು ಎಂಬ ಎರಡೇ ಎರಡು ವಿಷಯ ಅವರ ಕೈಯಲ್ಲಿರುವುದು. ಆ 10 ಕಿ.ಮೀ.ಯನ್ನು ಗಂಟೆಗೆ 50ರಲ್ಲಿ ಇಳಿದರೆ 12 ನಿಮಿಷ, 30ರಲ್ಲಿ ಇಳಿದರೆ 20 ನಿಮಿಷ. ಬೆಟ್ಟ ಕೊಡುವ ಶಕ್ತಿ ಅಷ್ಟೇ, ಆದರೆ ಅದನ್ನು ಕರಗಿಸಲು ಸಿಗುವ ಹೊತ್ತು ಎಂಟು ನಿಮಿಷ ಹೆಚ್ಚು. ಮೇಲಾಗಿ 30ರ ವೇಗಕ್ಕೆ ಹೊಂದುವ ಚಿಕ್ಕ ಗೇರಿನಲ್ಲಿ ಎಂಜಿನ್ ಹೊರುವ ಪಾಲೂ ದೊಡ್ಡದಾಗುತ್ತದೆ.

ಪೆಡಲ್ ಏನು ಹೇಳುತ್ತದೆ

ಶಾಖ ಬ್ರೇಕನ್ನು ಒಂದೇ ರೀತಿಯಲ್ಲಲ್ಲ, ಮೂರು ರೀತಿಯಲ್ಲಿ ಕೆಡಿಸುತ್ತದೆ. ಎಲ್ಲಿ ಕೆಟ್ಟಿದೆ ಎಂಬುದನ್ನು ಕಾಲಿನಡಿಯ ಪೆಡಲ್ ಸಾಕಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಪೆಡಲ್ ಗಟ್ಟಿಯಾಗಿದೆ, ಎಂದಿನಷ್ಟೇ ಎತ್ತರದಲ್ಲಿ ನಿಲ್ಲುತ್ತದೆ, ಆದರೆ ಎಷ್ಟು ತುಳಿದರೂ ಕಾರು ನಿಧಾನವಾಗುತ್ತಿಲ್ಲ: ಇದು ಪ್ಯಾಡಿನ ಸೋಲು. ಪ್ಯಾಡಿನಲ್ಲಿರುವ ನಾರು, ಲೋಹದ ಪುಡಿ, ಖನಿಜಗಳನ್ನೆಲ್ಲ ಹಿಡಿದಿಡುವುದು ಫಿನಾಲಿಕ್ ರಾಳ. ಮಿತಿ ಮೀರಿ ಕಾದಾಗ ಅದು ಒಡೆದು ಅನಿಲವಾಗುತ್ತದೆ, ಪ್ಯಾಡಿನ ಮೈಯೂ ನುಣುಪಾಗುತ್ತದೆ, ಘರ್ಷಣೆ ಕುಸಿಯುತ್ತದೆ. ಒತ್ತಡ ಪೂರ್ತಿ ತಲುಪುತ್ತಿದೆ, ಹಿಡಿತವಷ್ಟೇ ಇಲ್ಲ. ಹೊಚ್ಚ ಹೊಸ ಪ್ಯಾಡುಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಮೊದಲ ಸಲ ಚೆನ್ನಾಗಿ ಕಾಯುವಾಗ ರಾಳದಿಂದ ಹೊರಬರುವ ಅನಿಲವೂ ಹೆಚ್ಚು.

ಪೆಡಲ್ ಮೆತ್ತಗೆ, ಸ್ಪಂಜು ತುಳಿದಂತೆ ಒಳಕ್ಕೆ ಹೋಗಿ ನೆಲ ಮುಟ್ಟುತ್ತದೆ: ಇದು ಬ್ರೇಕ್ ಆಯಿಲ್ ಕುದಿದ ಲಕ್ಷಣ. ಮೂರರಲ್ಲಿ ಅತಿ ಅಪಾಯದ್ದು ಇದೇ. ದ್ರವವನ್ನು ಅದುಮಿ ಕುಗ್ಗಿಸಲಾಗದು ಎಂಬ ಒಂದೇ ಆಧಾರದ ಮೇಲೆ ಇಡೀ ಹೈಡ್ರಾಲಿಕ್ ಬ್ರೇಕು ನಿಂತಿದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಆಯಿಲ್ ಕುದಿದು ಆವಿಯ ಗುಳ್ಳೆ ಹುಟ್ಟಿತೆಂದರೆ, ನಾವು ತುಳಿದದ್ದೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ. ಪ್ಯಾಡಿನ ಸೋಲು ಮೆಲ್ಲಗೆ, ವಾಸನೆ ಕೊಟ್ಟು ಬರುತ್ತದೆ. ಇದಾದರೋ ಒಂದು ತುಳಿತದಿಂದ ಮುಂದಿನ ತುಳಿತದೊಳಗೆ ಬಂದುಬಿಡಬಹುದು.

ಡ್ರಮ್ ಬ್ರೇಕಿನದ್ದು ಮೂರನೆಯ ಬಗೆ. ಕಾದ ಡ್ರಮ್ ಹಿಗ್ಗುತ್ತದೆ, ಅದರ ಒಳಮೈಗೆ ಒತ್ತಿ ಹಿಡಿಯುವ ಶೂಗಳು ಅದನ್ನು ಮುಟ್ಟಲು ಇನ್ನಷ್ಟು ದೂರ ಸಾಗಬೇಕು, ಹೀಗಾಗಿ ಪೆಡಲ್ ಕೆಳಗಿಳಿಯುತ್ತದೆ. ಡ್ರಮ್ಮಿಗೆ ಇನ್ನೊಂದು ದೌರ್ಬಲ್ಯವಿದೆ. ತಿರುಗುವ ಡ್ರಮ್ ಮುಂದಿನ ಶೂವನ್ನು ತಾನೇ ತನ್ನ ಕಡೆಗೆ ಎಳೆದು ಬಿಗಿಗೊಳಿಸುತ್ತದೆ. ಕಡಿಮೆ ತುಳಿದರೂ ಹೆಚ್ಚು ಹಿಡಿತ ಸಿಗುವುದು ಅದರಿಂದಲೇ. ಆದರೆ ಶಾಖಕ್ಕೆ ಘರ್ಷಣೆ ಸ್ವಲ್ಪ ಇಳಿದರೂ ಈ ಎಳೆತವೂ ಅದರ ಜೊತೆ ಇಳಿದು, ಒಟ್ಟು ಹಿಡಿತ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕುಸಿಯುತ್ತದೆ. ಡಿಸ್ಕ್ ತೆರೆದ ಗಾಳಿಯಲ್ಲಿ ತಿರುಗುತ್ತದೆ, ಕಾದರೆ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ. 1953ರ ಲೆ ಮಾನ್ಸ್ 24 ಗಂಟೆಗಳ ರೇಸನ್ನು ಡನ್‌ಲಪ್ ಡಿಸ್ಕ್ ಬ್ರೇಕಿದ್ದ ಜಾಗ್ವಾರ್ ಸಿ-ಟೈಪ್ ಗೆದ್ದಾಗ ಜಗತ್ತಿಗೆ ಕಂಡದ್ದು ಈ ವ್ಯತ್ಯಾಸವೇ: ಪ್ರತಿ ಸುತ್ತಿನಲ್ಲೂ ತಿರುವಿನ ಹತ್ತಿರದವರೆಗೆ ವೇಗ ಉಳಿಸಿಕೊಂಡು ಹೋಗಿ ಬ್ರೇಕ್ ಹಾಕಬಹುದಿತ್ತು.

ಎಂಜಿನ್ ಆಫ್ ಆಗಿ, ನಮ್ಮ ತುಳಿತಕ್ಕೆ ಬಲ ಕೂಡಿಸುವ ಬೂಸ್ಟರಿನ ನಿರ್ವಾತ ಖಾಲಿಯಾದಾಗಲೂ ಪೆಡಲ್ ಕಲ್ಲಿನಂತಾಗುತ್ತದೆ. ಅದು ಫೇಡ್ ಅಲ್ಲ, ಜೋರಾಗಿ ತುಳಿದರೆ ಬ್ರೇಕ್ ಇನ್ನೂ ಹಿಡಿಯುತ್ತದೆ. ನೀರಿನಲ್ಲಿ ಹಾದು ಬಂದ ಕೂಡಲೇ ಹಿಡಿತ ಕಡಿಮೆ ಅನ್ನಿಸುವುದೂ ಬೇರೆಯದೇ. ಒಂದೆರಡು ಸಲ ಹಗುರವಾಗಿ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿದರೆ ಸರಿಹೋಗುತ್ತದೆ.

ಇಳಿಯುವ ಮೊದಲು, ಇಳಿಯುವಾಗ

ಗೇರ್ ಇಳಿಸಬೇಕಾದ ಜಾಗ ಇಳಿಜಾರಿನ ನೆತ್ತಿ. ಅರ್ಧ ದಾರಿಯಲ್ಲಿ ವೇಗ ಏರಿದ ಮೇಲೆ ಚಿಕ್ಕ ಗೇರ್ ಹಾಕಲು ಮೊದಲು ಬ್ರೇಕಿನಿಂದಲೇ ವೇಗ ತಗ್ಗಿಸಬೇಕಾಗುತ್ತದೆ. ಉಳಿಸಬೇಕಾದ ಬ್ರೇಕನ್ನೇ ಅಲ್ಲಿ ಖರ್ಚು ಮಾಡಿದಂತಾಯಿತು. ಅದೇ ಬೆಟ್ಟ ಹತ್ತಲು ಯಾವ ಗೇರ್ ಬೇಕಾಗುತ್ತದೋ ಆ ಗೇರಿನಲ್ಲೇ ಇಳಿಯಬೇಕು ಎಂಬುದು ಹಳೆಯ ಚಾಲಕರ ಲೆಕ್ಕ. ಈಗಿನ ಎಂಜಿನ್‌ಗಳು ದೊಡ್ಡ ಗೇರಿನಲ್ಲೂ ಸಲೀಸಾಗಿ ಹತ್ತುತ್ತವೆ, ಆದ್ದರಿಂದ ಇನ್ನೂ ಒಂದು ಗೇರ್ ಕಡಿಮೆ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಬ್ರೇಕ್ ಮುಟ್ಟದೆಯೇ ಕಾರಿನ ವೇಗ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತರೆ ಗೇರ್ ಸರಿಯಾಗಿದೆ ಎಂದರ್ಥ. ಎಂಜಿನ್ ನಿಮಿಷಕ್ಕೆ 3000, 4000 ಸುತ್ತಿನಲ್ಲಿ ಹೂಂಕರಿಸಿದರೆ ಗಾಬರಿ ಬೇಡ, ಮೀಟರಿನ ಮುಳ್ಳು ಕೆಂಪು ಗೆರೆ ದಾಟದಿದ್ದರೆ ಸಾಕು.

ಇಂಧನ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ದಯವಿಟ್ಟು ಬಿಟ್ಟುಬಿಡಿ. ಇಂಜೆಕ್ಷನ್ ಇರುವ ಎಂಜಿನ್, ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಇಂಧನ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ; ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಐಡಲ್‌ನಲ್ಲಿ ಓಡಲು ಇಂಧನ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ತಡೆಯೂ ಇಲ್ಲ.

ಆಟೋಮ್ಯಾಟಿಕ್ ಕಾರನ್ನು ಡಿ ಸ್ಥಾನದಲ್ಲೇ ಬಿಟ್ಟರೆ ಅದು ದೊಡ್ಡ ಗೇರಿಗೆ ಏರಿ ಕಾರನ್ನು ಸರಾಗವಾಗಿ ಹರಿಯಬಿಡುತ್ತದೆ. ಎಂಜಿನ್ನಿನ ತಡೆ ಹೆಚ್ಚಿಸುವ ಎಲ್, 2, ಬಿ ಅಥವಾ ಮ್ಯಾನುಯಲ್ ಸ್ಥಾನ ಕೊಟ್ಟಿರುವುದು ಇಂಥ ಹೊತ್ತಿಗೇ. ವಿದ್ಯುತ್ ಕಾರಿನವರು ಒಂದು ಮಾತು ವಿಶೇಷವಾಗಿ ನೆನಪಿಡಬೇಕು. ಮೋಟಾರಿನಿಂದ ಬ್ರೇಕ್ ಹಾಕಿ ಬ್ಯಾಟರಿಗೆ ಶಕ್ತಿ ಮರಳಿಸುವ ವ್ಯವಸ್ಥೆ ಇಳಿಜಾರಿಗೆ ಹೇಳಿ ಮಾಡಿಸಿದ್ದು, ಆದರೆ ಬ್ಯಾಟರಿಯಲ್ಲಿ ಜಾಗವಿದ್ದರೆ ಮಾತ್ರ. ಬೆಟ್ಟದ ಮೇಲೆ ಪೂರ್ತಿ ಚಾರ್ಜ್ ಮಾಡಿ ಹೊರಟರೆ ಆ ತಡೆ ತೀರಾ ಕಡಿಮೆಯಾಗಿ ಕೆಲಸವೆಲ್ಲ ಪ್ಯಾಡುಗಳ ಮೇಲೆ ಬೀಳಬಹುದು. ಮೇಲೆ ತಂಗುವುದಾದರೆ ಚಾರ್ಜನ್ನು ಶೇ 80ರ ಸುಮಾರಿಗೆ ನಿಲ್ಲಿಸುವುದು ಒಳ್ಳೆಯದು. ಹೈಬ್ರಿಡ್ ಕಾರಿನ ಬ್ಯಾಟರಿ ಚಿಕ್ಕದು, ಇಳಿಯುತ್ತಿರುವಾಗಲೇ ತುಂಬಿಬಿಡುತ್ತದೆ. ಅಲ್ಲಿ ಬಿ ಸ್ಥಾನವೇ ಆಸರೆ.

ಗೇರ್ ಸರಿಯಿದ್ದರೂ ಬ್ರೇಕ್ ಬೇಕಾದಾಗ ಹೇಗೆ ಹಾಕಬೇಕು? ಸುರಕ್ಷಿತ ವೇಗ 50 ಎಂದಿಟ್ಟುಕೊಂಡರೆ, ಅಲ್ಲಿಗೆ ತಲುಪಿದಾಗ ದೃಢವಾಗಿ ತುಳಿದು 40ಕ್ಕೆ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಮತ್ತೆ 50 ತಲುಪಿದಾಗ ಪುನಃ. ಇದರಿಂದ ಒಟ್ಟು ಶಾಖ ಕಡಿಮೆಯಾಗುತ್ತದೆ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಮೊತ್ತ ಅಷ್ಟೇ. ಲಾಭ ಬೇರೆ ಕಡೆ ಇದೆ. ಕಾಲು ತೆಗೆದಾಗ ಪ್ಯಾಡಿಗೂ ಡಿಸ್ಕಿಗೂ ಬಿಡುವು ಸಿಗುತ್ತದೆ, ಉಜ್ಜುವ ಮೈಗೆ ಗಾಳಿ ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ವೇಗ ಮತ್ತೆ ಎಷ್ಟು ಬೇಗ ಏರುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ನಾಲ್ಕೈದು ಸೆಕೆಂಡಿಗೊಮ್ಮೆ ಬ್ರೇಕ್ ಬೇಕಾಗುತ್ತಿದ್ದರೆ ಗೇರ್ ದೊಡ್ಡದಾಗಿದೆ, ಇನ್ನೊಂದು ಇಳಿಸಿ. ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟುಕೊಂಡೇ ಇಳಿಯುವವರಿಗೆ ಈ ಸೂಚನೆ ಸಿಗುವುದೇ ಇಲ್ಲ. ಅವರ ಬ್ರೇಕು ಒಂದು ಕ್ಷಣವೂ ಬಿಡುವಿಲ್ಲದೆ ಕಾಯುತ್ತಿರುತ್ತದೆ, ಒತ್ತಿದ್ದು ಹಗುರವಾದ್ದರಿಂದ ಅವರಿಗೆ ಗೊತ್ತಾಗುವುದೂ ಇಲ್ಲ.

ತುಂಬಿದ ಕಾರು, ಮೇಲೊಂದು ಕ್ಯಾರಿಯರ್, ಹಿಂದೊಂದು ಟ್ರೈಲರ್ ಇದ್ದರೆ ಶಾಖದ ಮೊತ್ತವೂ ತೂಕದಷ್ಟೇ ಏರುತ್ತದೆ.

ಕೈಕೊಟ್ಟೇಬಿಟ್ಟರೆ

ಪೆಡಲ್ ಒಳಗೆ ಹೋಯಿತು. ಮೊದಲ ಕೆಲಸ, ಕಾಲನ್ನು ಪೂರ್ತಿ ಎತ್ತಿ ಮತ್ತೆ ಮತ್ತೆ ವೇಗವಾಗಿ ತುಳಿಯುವುದು. ಪ್ರತಿ ತುಳಿತಕ್ಕೂ ಮಾಸ್ಟರ್ ಸಿಲಿಂಡರ್ (ತುಳಿತವನ್ನು ಆಯಿಲಿನ ಒತ್ತಡವಾಗಿಸುವ ಭಾಗ) ಒಂದಿಷ್ಟು ಆಯಿಲನ್ನು ಮುಂದೆ ತಳ್ಳಿ ಗುಳ್ಳೆಯನ್ನು ಕುಗ್ಗಿಸುತ್ತದೆ, ಸ್ವಲ್ಪವಾದರೂ ಒತ್ತಡ ಮರಳಬಹುದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲನ್ನು ಹೀಗೆ ಪಂಪ್ ಮಾಡಬಾರದು ಎಂಬ ಮಾತು ಬ್ರೇಕ್ ಸರಿಯಿದ್ದಾಗಿನದ್ದು, ಪೆಡಲ್ ನೆಲಕ್ಕೆ ಹೋದಾಗ ಅದು ಅನ್ವಯಿಸುವುದಿಲ್ಲ. ಜೊತೆಜೊತೆಗೇ ಗೇರನ್ನು ಒಂದೊಂದಾಗಿ ಇಳಿಸಿ. ನಾಲ್ಕರಿಂದ ಸೀದಾ ಒಂದಕ್ಕೆ ಹಾರಲು ಹೋದರೆ ಗೇರ್ ಬೀಳದೆ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಬಿದ್ದರೂ ಚಕ್ರಗಳು ಜಾರಬಹುದು.

ಕೇಬಲಿನ ಹ್ಯಾಂಡ್ ಬ್ರೇಕಿಗೂ ಆಯಿಲಿಗೂ ಸಂಬಂಧವಿಲ್ಲ, ಆಯಿಲ್ ಕುದಿದರೂ ಅದು ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ. ತುದಿಯ ಗುಂಡಿಯನ್ನು ಒತ್ತಿಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ, ಚಕ್ರ ಕಚ್ಚಿಕೊಂಡು ಕಾರು ಅಡ್ಡ ತಿರುಗುವಂತೆ ಕಂಡರೆ ಸಡಿಲಿಸಿ. ವಿದ್ಯುತ್ ಪಾರ್ಕಿಂಗ್ ಬ್ರೇಕಿರುವ ಕಾರುಗಳಲ್ಲಿ ಓಡುವಾಗ ಸ್ವಿಚ್ ಹಿಡಿದೇ ಇದ್ದರೆ ಏನಾಗುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೈಪಿಡಿಯ ಆ ಒಂದು ಪುಟವನ್ನು ಮನೆಯಲ್ಲೇ ಓದಿಕೊಂಡಿರಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಬೂಸ್ಟರಿನ ನೆರವೂ ಪವರ್ ಸ್ಟಿಯರಿಂಗೂ ಒಟ್ಟಿಗೆ ಹೋಗುತ್ತವೆ, ಕೀ ಹೊರತೆಗೆದರೆ ಸ್ಟಿಯರಿಂಗ್ ಲಾಕ್ ಆಗಲೂಬಹುದು. ಓಡಿಹೋಗುವ ವಾಹನಗಳಿಗೆಂದು ಜಲ್ಲಿ ತುಂಬಿ ಮಾಡಿದ ಏರು ದಾರಿ ಪಕ್ಕದಲ್ಲಿ ಕಂಡರೆ ಹಿಂಜರಿಯದೆ ನುಗ್ಗಿಸಿ.

ವಾಸನೆ ಬಂದಾಗಲೇ, ಅಂದರೆ ಇಷ್ಟೆಲ್ಲ ಆಗುವ ಮೊದಲೇ, ಸಮತಟ್ಟಾದ ಜಾಗ ನೋಡಿ ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ. ಆದರೆ ನಿಲ್ಲಿಸುವುದರಲ್ಲೂ ಒಂದು ಕ್ರಮವಿದೆ. ಸಾಧ್ಯವಿದ್ದರೆ ನಿಲ್ಲಿಸುವ ಮೊದಲು ಕೆಲವು ನಿಮಿಷ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ, ಓಟದ ಗಾಳಿಯಷ್ಟು ಚೆನ್ನಾಗಿ ತಣಿಸುವಂಥದ್ದು ಬೇರೆ ಇಲ್ಲ. ನಿಂತ ಮೇಲೆ ಪೆಡಲಿನಿಂದ ಕಾಲು ತೆಗೆಯಿರಿ. ಕೆಂಡದಂಥ ಡಿಸ್ಕಿಗೆ ಪ್ಯಾಡು ಒತ್ತಿಕೊಂಡೇ ಇದ್ದರೆ ಪ್ಯಾಡಿನ ವಸ್ತು ಅಲ್ಲಿಯೇ ಅಂಟಿ, ಮುಂದೆ ಬ್ರೇಕ್ ಹಾಕಿದಾಗಲೆಲ್ಲ ಸ್ಟಿಯರಿಂಗ್ ನಡುಗುತ್ತದೆ. ಕಾರನ್ನು ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಬಿಸಿಯಲ್ಲಿ ಎಳೆದ ಹ್ಯಾಂಡ್ ಬ್ರೇಕ್ ಡ್ರಮ್ ಆದರೆ ತಣಿದು ಕುಗ್ಗಿ ಶೂಗಳನ್ನು ಕಚ್ಚಿಕೊಳ್ಳಬಹುದು; ಡಿಸ್ಕ್ ಆದರೆ ತಣಿದು ತೆಳುವಾಗಿ ಬಿಗಿತ ಸಡಿಲಾಗಿ ಕಾರು ಉರುಳಲೂಬಹುದು. ಚಕ್ರಕ್ಕೆ ನೀರು ಎರಚಬೇಡಿ, ಕಾದ ಬೀಡುಕಬ್ಬಿಣ ಬಿರುಕು ಬಿಡುತ್ತದೆ.

ಹೆಚ್ಚಿನವರಿಗೆ ತಿಳಿಯದ ವಿಷಯ ಒಂದಿದೆ. ನಿಂತ ಕೂಡಲೇ ಬ್ರೇಕ್ ಆಯಿಲ್ ತಣ್ಣಗಾಗತೊಡಗುವುದಿಲ್ಲ, ಇನ್ನಷ್ಟು ಕಾಯುತ್ತದೆ. ಗಾಳಿ ನಿಂತಿರುತ್ತದೆ, ಡಿಸ್ಕಿನ ಶಾಖ ಪ್ಯಾಡಿನ ಮೂಲಕ ಪಿಸ್ಟನ್ನಿಗೂ ಅಲ್ಲಿಂದ ಆಯಿಲಿಗೂ ಇಳಿಯುತ್ತಾ ಇರುತ್ತದೆ. ಹಾಗಾಗಿ ಸರಿಯಾಗಿಯೇ ಇದ್ದ ಪೆಡಲ್ ಐದು ಹತ್ತು ನಿಮಿಷ ನಿಂತು ಹೊರಟಾಗ ನೆಲಕ್ಕೆ ಹೋಗುವುದುಂಟು. ಅರ್ಧ ಗಂಟೆಯಾದರೂ ಕಾಯಿರಿ. ಹೊರಡುವ ಮೊದಲು ನಿಂತಲ್ಲೇ ಪೆಡಲ್ ತುಳಿದು ನೋಡಿ, ಗಟ್ಟಿಯಾಗಿ ಮೇಲೆಯೇ ನಿಂತರೆ ಮಾತ್ರ ಗೇರ್ ಹಾಕಿ.

ಆಯಿಲ್

ಬ್ರೇಕಿನಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಇದು. ಬ್ರೇಕ್ ಆಯಿಲಿನ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಬಗೆಯವು, ಮೂರೂ ಗಾಳಿಯ ತೇವವನ್ನು ಹೀರುತ್ತವೆ. ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಸಣ್ಣ ರಂಧ್ರದ ಮೂಲಕ ತೇವ ಒಳಬರುತ್ತಲೇ ಇರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ 3.7 ನೀರು ಸೇರಿದ ಸ್ಥಿತಿಗೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಅಂದರೆ ನೂರರಲ್ಲಿ ನಾಲ್ಕು ಪಾಲೂ ಇಲ್ಲದ ನೀರು ಡಾಟ್ 4ರಿಂದ 75 ಡಿಗ್ರಿಯನ್ನು ಕಸಿಯುತ್ತದೆ. ಊರೊಳಗಿನ ಓಡಾಟದಲ್ಲಿ ಇದು ತಿಳಿಯುವುದೇ ಇಲ್ಲ, ಪೆಡಲ್ ಚೆನ್ನಾಗಿಯೇ ಇರುತ್ತದೆ.

ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಕಡಿಮೆ ಓಡಿಸಿದ್ದೇವೆ ಎಂಬುದು ಕಾರಣವಲ್ಲ, ನಿಂತ ಕಾರಿನ ಆಯಿಲ್ ಕೂಡ ತೇವ ಹೀರುತ್ತದೆ. ಹೆಸರು ಹತ್ತಿರವಿದ್ದರೂ ಡಾಟ್ 5 ಬೇರೆಯೇ ಜಾತಿ, ಅದು ಸಿಲಿಕೋನ್. ಉಳಿದವುಗಳ ಜೊತೆ ಎಂದೂ ಬೆರೆಸಬಾರದು. ತಯಾರಕರು ಹೇಳಿದ ದರ್ಜೆಯನ್ನೇ ಹಾಕಿ, ಸೀಲ್ ಒಡೆಯದ ಡಬ್ಬಿಯಿಂದಲೇ. ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿ ಆಗಲೇ ತೇವ ಕುಡಿದಿರುತ್ತದೆ.

ಬದಲಿಸುವುದಕ್ಕೆ 1 ಲೀಟರ್ ಇದ್ದರೆ ಹೆಚ್ಚಿನ ಕಾರುಗಳಿಗೆ ಸಾಕು. ಮೊದಲು ಮೇಲಿನ ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ತೆಗೆದು ಹೊಸದನ್ನು ತುಂಬಿ. ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿ ಬಾಟಲಿಯಲ್ಲಿನ ಆಯಿಲಿನಲ್ಲಿ ಮುಳುಗಿರಲಿ. ಒಬ್ಬರು ಪೆಡಲನ್ನು ನಿಧಾನವಾಗಿ ತುಳಿದು ಹಿಡಿಯಬೇಕು, ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತಿನಷ್ಟು ಸಡಿಲಿಸಿ, ಆಯಿಲ್ ಹರಿದ ಮೇಲೆ ಬಿಗಿಗೊಳಿಸಿ, ಆಮೇಲೆ ‘ಬಿಡಿ’ ಎನ್ನಬೇಕು. ಬಿಗಿಯುವ ಮೊದಲೇ ಕಾಲು ಎತ್ತಿದರೆ ಗಾಳಿ ಒಳಸೇರುತ್ತದೆ. ಹಳೆಯ ಕಾರಿನಲ್ಲಿ ಪೆಡಲ್ ಕೆಳಗೆ ಮರದ ತುಂಡಿಟ್ಟು ನೆಲ ಮುಟ್ಟದಂತೆ ತಡೆಯುವುದು ಒಳಿತು. ಇಲ್ಲವಾದರೆ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯಬಹುದು. ತಿಳಿಯಾದ ಹೊಸ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ಹೀಗೆ ಮಾಡಿ. ನಡುನಡುವೆ ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಯಾವ ಚಕ್ರ ಮೊದಲು ಎಂಬ ಕ್ರಮ ಎಬಿಎಸ್ ಕಾರುಗಳಲ್ಲಿ ಬೇರೆ ಬೇರೆ, ಕೈಪಿಡಿಯನ್ನೇ ನಂಬಿ. ಬಣ್ಣದ ಮೇಲೆ ಹನಿ ಬಿದ್ದರೆ ಕೂಡಲೇ ನೀರಿನಲ್ಲಿ ತೊಳೆಯಿರಿ, ಇದು ಪೇಂಟನ್ನು ಕಿತ್ತುಬಿಡುತ್ತದೆ. ಒಮ್ಮೆ ಕುದಿದ ಆಯಿಲ್, ಎರಡು ವರ್ಷ ಆಗಿರಲಿ ಬಿಡಲಿ, ಬದಲಾಗಲೇಬೇಕು.

ಪ್ಯಾಡು, ಕ್ಯಾಲಿಪರ್

ಹೊಸ ಪ್ಯಾಡಿನ ಉಜ್ಜುವ ಭಾಗ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ಇರುತ್ತದೆ. 3 ಮಿ.ಮೀ. ಆದಾಗ ಬದಲಿಸಬೇಕು ಎನ್ನುವುದಕ್ಕೆ ಸವೆತ ಮಾತ್ರ ಕಾರಣವಲ್ಲ. ಡಿಸ್ಕಿಗೂ ಆಯಿಲಿಗೂ ನಡುವೆ ಶಾಖ ತಡೆಯುವ ಗೋಡೆಯೇ ಪ್ಯಾಡು. ಅದು ತೆಳುವಾದಷ್ಟೂ ಆಯಿಲ್ ಬೇಗ ಕಾಯುತ್ತದೆ. ಡಿಸ್ಕಿಗೂ ಕನಿಷ್ಠ ದಪ್ಪವಿದೆ, ಅದರ ಮೈಮೇಲೇ ಕೆತ್ತಿರುತ್ತಾರೆ. ಸವೆದ ಡಿಸ್ಕಿನಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಅಷ್ಟೇ ಶಾಖಕ್ಕೆ ಹೆಚ್ಚು ಕಾಯುತ್ತದೆ.

ಕೆಲವು ಪ್ಯಾಡುಗಳ ಅಂಚಿನಲ್ಲಿ ಎಫ್‌ಎಫ್, ಜಿಜಿ, ಎಫ್‌ಇ ಎಂಬ ಜೋಡಿ ಅಕ್ಷರ ಇರುತ್ತದೆ. ಮೊದಲನೆಯದು ಸಾಮಾನ್ಯ ಸ್ಥಿತಿಯ ಘರ್ಷಣೆ, ಎರಡನೆಯದು ಕಾದಾಗಿನದ್ದು. ಇ ಎಂದರೆ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ಎಫ್‌ಇ ಎಂದಿದ್ದರೆ ಬಿಸಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಯುವ ಪ್ಯಾಡು. ಬೆಟ್ಟದ ರಸ್ತೆಯಲ್ಲಿ ಓಡಾಡುವವರು ಎರಡನೆಯ ಅಕ್ಷರ ನೋಡಿ ಕೊಳ್ಳಲಿ. ರೇಸಿನ ಪ್ಯಾಡು ಹಾಕಿಸುವುದು ಪರಿಹಾರವಲ್ಲ, ಹಲವು ರೇಸ್ ಪ್ಯಾಡುಗಳು ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದೇ ಇಲ್ಲ.

ಒಂದೇ ಚಕ್ರ ಅತಿಯಾಗಿ ಕಾಯುತ್ತಿದ್ದರೆ ಅದು ಇಳಿಜಾರಿನ ತಪ್ಪಲ್ಲ. ಕ್ಯಾಲಿಪರಿನ ಸ್ಲೈಡ್ ಪಿನ್ ಜಾಮ್ ಆಗಿರಬೇಕು, ಅಥವಾ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಹೆಚ್ಚು ಬ್ರೇಕ್ ಹಾಕದೆ ಹತ್ತು ಕಿ.ಮೀ. ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಎಡ ಬಲ ಡಿಸ್ಕುಗಳನ್ನು ಹೋಲಿಸಿ, ಕೈಯಿಂದ ಮುಟ್ಟಬೇಡಿ. ಒಂದು ಕಡೆ ಎದ್ದು ಕಾಣುವಷ್ಟು ಬಿಸಿಯಿದ್ದರೆ ಕ್ಯಾಲಿಪರ್ ಬಿಚ್ಚಿಸಿ. ಪಿನ್ನಿಗೆ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಮಾತ್ರ, ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ. ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಅದು ಶ್ವಾಸಕೋಶಕ್ಕೆ ಹೋಗಬಾರದು.

ಒಮ್ಮೆ ಫೇಡ್ ಆದ ಬ್ರೇಕನ್ನು ತಣಿದ ಮೇಲೆ ಚಕ್ರ ಬಿಚ್ಚಿ ನೋಡಲೇಬೇಕು. ಪ್ಯಾಡಿನ ಮೈ ಗಾಜಿನಂತೆ ಹೊಳೆಯುತ್ತಿದೆಯೇ, ಅಂಚು ಪುಡಿಯಾಗಿದೆಯೇ, ಡಿಸ್ಕಿನ ಮೇಲೆ ನೀಲಿ ಛಾಯೆ ಅಥವಾ ಕೂದಲೆಳೆಯಂಥ ಬಿರುಕುಗಳಿವೆಯೇ, ಪಿಸ್ಟನ್ನಿನ ರಬ್ಬರ್ ಹೊದಿಕೆ ಸುಟ್ಟಿದೆಯೇ. ಬಿರುಕು ಬಿಟ್ಟಿದ್ದನ್ನು ಉಜ್ಜಿ ಸರಿಮಾಡುವ ಮಾತೇ ಇಲ್ಲ. ಪ್ಯಾಡುಗಳನ್ನು ಎಡ ಬಲ ಎರಡೂ ಕಡೆ ಒಟ್ಟಿಗೇ ಬದಲಿಸಿ.

ಹೊಸ ಪ್ಯಾಡಿಗೆ ಪಳಗಿಸುವ ಕೆಲಸ ಬಾಕಿ ಇರುತ್ತದೆ. ತಯಾರಕರ ಸೂಚನೆ ಇದ್ದರೆ ಅದರಂತೆ, ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ ಗಂಟೆಗೆ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ. ಒಮ್ಮೆಯೂ ಪೂರ್ತಿ ನಿಲ್ಲಿಸಬೇಡಿ, ಪ್ರತಿ ಸಲದ ನಡುವೆ ಅರ್ಧ ನಿಮಿಷ ಓಟದ ಗಾಳಿ ಸಿಗಲಿ. ಕೊನೆಗೆ ಹತ್ತು ನಿಮಿಷ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ರಾಳದ ಹಸಿ ಅನಿಲ ಇಲ್ಲಿಯೇ ಹೊರಹೋಗಿ, ಡಿಸ್ಕಿನ ಮೇಲೆ ಪ್ಯಾಡಿನ ತೆಳು ಪದರ ಸಮನಾಗಿ ಕೂರುತ್ತದೆ. ಇದಾದ ಮೇಲೆ ಆ ಪ್ಯಾಡುಗಳನ್ನು ಬೆಟ್ಟದ ದಾರಿಗೆ ಒಯ್ಯಬಹುದು.